ಜುಬೇದಾಬಿಯ ಕೊಸರು

ಮುನವಳ್ಳಿ ಸಂತೆಯಲ್ಲಿ ಜುಬೇದಾಬಿಯ ಚುರುಮುರಿಗೆ ಜನ ಮುಗಿಬೀಳುತ್ತಿದ್ದುದು ರುಚಿಗಲ್ಲ, ಕೊಸರಿಗೆ. ಸೇರು ತುಂಬಿ ಸುರಿದ ಮೇಲೆ ಬೊಗಸೆ ತುಂಬ ಇನ್ನಷ್ಟು ಹಾಕುವಳು. ಅದನ್ನು ಎಂದೂ ಲೆಕ್ಕಕ್ಕೆ ಹಿಡಿದವಳಲ್ಲ. ಎಷ್ಟು ಕೊಟ್ಟೆ ಎಂದರೆ ‘ಒಂದ ಸೇರು’ ಎನ್ನುವಳು. ಬಿಗಿಗೈಯವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

2004ರಲ್ಲಿ ಪುಟ್ಟ ಮೊಮ್ಮಗಳು ಫಿರದೋಸಳ ಕಾಲುಗಳು ಸೊಟ್ಟಗಾದವು. ಸವದತ್ತಿಯ ಡಾಕ್ಟರು ವಿಟಮಿನ್ ಡಿ ಪುಡಿ ಬರೆದರು, ವಾರಕ್ಕೊಂದು ಪೊಟ್ಟಣ, ಹಾಲಿನಲ್ಲಿ. ಪೊಟ್ಟಣ ಅಂಗೈಯಲ್ಲಿ ಇದ್ದೂ ಇಲ್ಲದಂತಿತ್ತು. ತೂಕ ಕೇಳಿದರೆ ಔಷಧಿ ಅಂಗಡಿಯವನು ಒಂದು ಗ್ರಾಂ ಎಂದ.

“ಒಂದ ಗ್ರಾಮಿನಾಗ ಎಲುಬು ಗಟ್ಟಿ ಆಗ್ತಾವನ?” ಎಂದು ಮೂಗು ಮುರಿದಳು. ಇನ್ನಷ್ಟು ಪೊಟ್ಟಣ ಕೊಂಡು ತಂದಳು. ಶುಕ್ರವಾರ ಡಾಕ್ಟರು ಹೇಳಿದ ಅಳತೆ. ಉಳಿದ ದಿನಗಳಲ್ಲಿ ಒಂದೊಂದು ಪೊಟ್ಟಣ ಅಜ್ಜಿಯ ಕೊಸರು.

ಕೆಲವೇ ವಾರಗಳಲ್ಲಿ ಹುಡುಗಿ ಊಟ ಬಿಟ್ಟಳು. ಕುಡಿದಷ್ಟೂ ಬಾಯಾರಿಕೆ, ತಿಂದದ್ದೆಲ್ಲ ವಾಂತಿ. ಡಾಕ್ಟರು ದವಾಖಾನೆಗೆ ಸೇರಿಸಿಕೊಂಡು ರಕ್ತ ನೋಡಿದರು. ಕ್ಯಾಲ್ಸಿಯಂ ಮಿತಿಮೀರಿತ್ತು. ಹೀಗೇ ಹೋದರೆ ಮೂತ್ರಪಿಂಡಗಳು ಕೆಡುತ್ತವೆ ಎಂದರು.

“ಪುಡಿ ಎಷ್ಟು ಕೊಟ್ರಿ, ಅಮ್ಮಾ?”

“ನೀವು ಹೇಳಿದಷ್ಟರಿ. ವಾರಕ್ಕ ಒಂದ.”

ಅವಳ ಮಟ್ಟಿಗೆ ಅದು ಸುಳ್ಳಲ್ಲ. ಡಾಕ್ಟರು ತಲೆ ಕೆರೆದುಕೊಂಡರು.

“ಮತ್ತ ಇಷ್ಟ್ಯಾಕ ಏರಿತು? ಒಂದ ಪೊಟ್ಟಣದಾಗ ಅರವತ್ತು ಸಾವಿರ ಯುನಿಟ್ ಇರ್ತದ ಖರೆ, ಆದ್ರ ವಾರಕ್ಕ ಒಂದ ಅಂದ್ರ ಹಿಂಗ ಆಗಬಾರ್ದು.”

“ಒಂದ ಗ್ರಾಮ್ ಅಂದಿದ್ನಲ್ರಿ ಅಂಗಡ್ಯಾಂವ?”

“ಅದು ಪುಡಿ ತೂಕರಿ, ಬಹಳಷ್ಟು ಸಕ್ಕರಿನ ಅದ. ಔಷಧದ ಜೋರು ತೂಕದಾಗ ತಿಳಿಯೂದಿಲ್ಲ, ಯುನಿಟ್ ನೋಡಬೇಕು.”

ಜುಬೇದಾಬಿ ತನ್ನ ಬೊಗಸೆ ನೋಡಿಕೊಂಡಳು.

“ಹಂಗಾರ... ಕೊಸರೂ ಲೆಕ್ಕಕ್ಕ ಬರ್ತೈತೇನ್ರಿ?”

“ಯಾವ ಕೊಸರು?”

ಹೇಳಿದಳು. ಡಾಕ್ಟರು ಬೈಯಲಿಲ್ಲ, ಅದಕ್ಕೂ ಹೊತ್ತಿರಲಿಲ್ಲ. ಪುಡಿ ನಿಂತಿತು, ಸಲೈನ್ ಏರಿತು. ಹುಡುಗಿ ಉಳಿದಳು. ಅವಳು ಮತ್ತೆ ರೊಟ್ಟಿ ಕೇಳಿದ ದಿನ ಜುಬೇದಾಬಿ ದವಾಖಾನೆಯ ಕಟ್ಟೆಯ ಮೇಲೆ ಕೂತು ಮನಸಾರೆ ಅತ್ತಳು.

ಸಂತೆಯಲ್ಲಿ ಅವಳ ಬೊಗಸೆ ಚಿಕ್ಕದಾಗಲಿಲ್ಲ. ಆದರೆ ಮುಂದಿನ ಚಳಿಗಾಲ ಫಿರದೋಸಳಿಗೆ ಕೆಮ್ಮು ಬಂದಾಗ, ಔಷಧವನ್ನು ಮುಚ್ಚಳದ ಗೆರೆಗೆ ಸರಿಯಾಗಿ ಹಿಡಿದು ಕುಡಿಸಿದಳು. ಸಿಹಿ ಔಷಧ. ಹುಡುಗಿ ತುಟಿ ನೆಕ್ಕಿ ಅಜ್ಜಿಯತ್ತ ಕೈಯೊಡ್ಡಿದಳು.

“ದಾದಿ, ಕೊಸರು?”

ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎನ್ನದ ಜುಬೇದಾಬಿ ಸೀಸೆಯ ಬಾಯಿ ಬಿಗಿದಳು.

“ಇಲ್ಲ,” ಎಂದಳು.