ಅಶ್ವಿನಿ ಮಳೆ ನಂಬಿ ಹಚ್ಚಿದ ಬೆಂಕಿ

ಗುಡುಗಿದ ಮೋಡವನ್ನೆಲ್ಲ ನಂಬಬಾರದೆಂಬುದು ಮನುಷ್ಯಕುಲ ಬಹಳ ಕಷ್ಟಪಟ್ಟು ಗಳಿಸಿದ ಜ್ಞಾನ. ಬಾಜು ಹೊಲದ ಈರಪ್ಪನ ತನಕ ಅದಿನ್ನೂ ಬಂದಿಲ್ಲ.

ದುಮ್ಮವಾಡದ ಆಚೆ ಗುಡ್ಡದ ಬುಡದಲ್ಲಿ ನಮ್ಮಿಬ್ಬರ ಹೊಲ. ಅಂದು ಮಧ್ಯಾಹ್ನ ಗುಡ್ಡದ ಮೇಲೆ ಗುಡುಗಿತು, ಒಂದು ಹನಿಯೂ ಬೀಳಲಿಲ್ಲ. ಈರಪ್ಪ ಕಡ್ಡಿಪೆಟ್ಟಿಗೆ ಹಿಡಿದು ಬದುವಿನ ಒಣಹುಲ್ಲಿನ ಮುಂದೆ ಕುಳಿತಿದ್ದ.

“ಗಾಳಿ ಬಿಟ್ಟೈತಿ, ಹಚ್ಚಬ್ಯಾಡೋ,” ಎಂದೆ.

“ಪಂಚಾಂಗದಾಗ ಇವತ್ತ ಅಶ್ವಿನಿ ಮಳಿ ಕೂಡೈತ್ರಿ ಕಾಕಾ. ಮ್ಯಾಲ ಗುಡುಗಾಕ ಹತ್ತೈತಿ. ಬೆಂಕಿ ಆರಸಾಕ ನಾವ್ಯಾಕ ನೀರ ಹೊರೂದು?” ಎಂದವನೇ ಕಡ್ಡಿ ಗೀರಿದ.

ಪಂಚಾಂಗದಲ್ಲಿ ಮಳೆ ಕೂಡಿತ್ತು, ಆಕಾಶಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ. ಬಂದದ್ದು ಇನ್ನಷ್ಟು ಗಾಳಿ. ಬೆಂಕಿ ಬದು ದಾಟಿ ನಮ್ಮ ಮೇವಿನ ಬಣವೆಯತ್ತ ಹೊರಟಿತು. ಹೊಸ ಹುಲ್ಲು ಬರುವವರೆಗೆ ಎತ್ತುಗಳಿಗೆ ಇದ್ದದ್ದು ಅದೊಂದೇ ಮೇವು. ಇಬ್ಬರೂ ಬೇವಿನ ಟೊಂಗೆ ಮುರಿದು ಬೆಂಕಿ ಬಡಿಯತೊಡಗಿದೆವು. ನಡುನಡುವೆ ಈರಪ್ಪ ತಲೆ ಎತ್ತಿ, ತಡವಾಗಿ ಬರುವ ಆಳಿನ ದಾರಿ ಕಾಯುವ ಧಣಿಯಂತೆ ಮೋಡ ನೋಡುತ್ತಿದ್ದ.

“ಇನ್ನ ಐದ ನಿಮಿಷಕ್ಕ ಬರತೈತ್ರಿ.”

“ಬಂದ್ರ ಚಾಪಿ ಹಾಸಿ ಕುಂಡ್ರಸು. ಈಗ ಬಡಿ.”

ಬಣವೆ ಉಳಿಯಲಿಲ್ಲ. ಉಳಿದದ್ದು ಪಂಚಾಂಗದ ಮೇಲಿನ ಈರಪ್ಪನ ಭಕ್ತಿ. ಅಶ್ವಿನಿ ಕೈಕೊಟ್ಟರೂ ಭರಣಿ ಮಳೆ ಬಿಡುವುದಿಲ್ಲವೆಂದು ಬೂದಿಯ ಬಾಜು ನಿಂತೇ ನನಗೆ ಸಮಾಧಾನ ಹೇಳಿದ. ಮಳೆ ಎಂಟು ದಿನ ಬಿಟ್ಟು ಬಂತು. ನಮ್ಮ ಎರಡೂ ಎತ್ತುಗಳು ಈಗ ಈರಪ್ಪನ ಬಣವೆಯಲ್ಲಿ ಮೇಯುತ್ತಿವೆ.