ಸರ್ ಬರೆಯದ ಸರ್ಟಿಫಿಕೇಟು

ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಪುಟ್ಟ ಕೊಳವೆಯನ್ನು ಸರ್ ಮೊದಲು ಎಡ ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ದಪ್ಪ ಬೆರಳಿನ, ಕೂದಲು ತುಂಬಿದ ಕೈ. ಉಗುರುಗಳನ್ನು ಮಾತ್ರ ನೋವಾಗುವುದೇನೋ ಅನ್ನಿಸುವಷ್ಟು ಒತ್ತಿ ಕತ್ತರಿಸಿರುತ್ತಿದ್ದರು. ಸೊಲ್ಲಾಪುರದ ಏಪ್ರಿಲ್ ತಿಂಗಳಲ್ಲಿ ಲೋಹ ತಾನಾಗಿಯೇ ಕಾದು ಕೂತಿರುತ್ತದೆ, ಆಗಲೂ ಬಿಡುತ್ತಿರಲಿಲ್ಲ. ನಾನು ನಕ್ಕರೆ, “ತಣ್ಣಂದು ಕಿವ್ಯಾಗ ಹೋದ್ರ ಮನಷ್ಯಾ ಬೆದರ್ತಾನ, ತಂಗೆವ್ವಾ. ಬೆದರಿದ್ರ ಅಂವಾ ಏನು ಕೇಳಸ್ತದ ಅಂತ ಖರೇ ಹೇಳೂದಿಲ್ಲ,” ಅನ್ನುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಅವರು ಅಕ್ಕಲಕೋಟೆಯವರು, ಮೊದಲು ಸಾಲಿ ಮಾಸ್ತರರಾಗಿದ್ದವರು. ವಯಸ್ಸು ಮೀರಿದ ಮೇಲೆ ಮೈಸೂರಿಗೆ ಹೋಗಿ ಕಿವಿಯ ಶಕ್ತಿ ಅಳೆಯುವ ವಿದ್ಯೆ ಕಲಿತು ಬಂದಿದ್ದರು. ಆಡಿಯಾಲಜಿಸ್ಟ್ ಎಂಬ ಶಬ್ದ ಸೊಲ್ಲಾಪುರದಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಎಲ್ಲರೂ ಡಾಕ್ಟರ್ ಸಾಹೇಬ್ರ ಅಂದರು, ಅವರು ಪ್ರತಿಯೊಬ್ಬರನ್ನೂ ತಿದ್ದಿದರು. “ನಾ ಡಾಕ್ಟರ್ ಅಲ್ರಿ. ಔಷಧ ಕೊಡೂದಿಲ್ಲ. ಕಿವಿ ಎಷ್ಟು ಕೇಳಸ್ತದ ಅಂತ ಅಳ್ಯಾಂವ, ಅಷ್ಟ.” ದಿನಕ್ಕೆ ಇಪ್ಪತ್ತು ಸಲ ಇದನ್ನೇ ಹೇಳಿದರೂ ಬೇಸರವಿರಲಿಲ್ಲ. ನನಗೇ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು.

ನಾನು ಅಲ್ಲಿ ಹೆಸರು ಬರೆದುಕೊಳ್ಳುವವಳು, ರಿಜಿಸ್ಟರ್ ಇಡುವವಳು. ಒಬ್ಬ ಬಟ್ಟೆ ವ್ಯಾಪಾರಿ ಶೇಠಜಿಯ ಕಟ್ಟಡದ ಹಿಂಭಾಗದಲ್ಲಿ ಎರಡು ಖೋಲಿ. ಒಳಗಿನದು ಪರೀಕ್ಷೆಯ ಖೋಲಿ. ಸದ್ದು ಒಳಬರಬಾರದೆಂದು ನಾಲ್ಕು ಗೋಡೆಗೂ ಮೂರು ಮೂರು ಪದರ ಸೊಲ್ಲಾಪುರಿ ಚಾದರ ಹೊಡೆದಿದ್ದರು. ಅಲ್ಲಿ ಗಡಿಯಾರವಿರಲಿಲ್ಲ, ಫ್ಯಾನೂ ಇರಲಿಲ್ಲ. ಹೊರಗಿನ ಖೋಲಿಯ ಕಡೆಗೆ ಒಂದು ಪುಟ್ಟ ಗಾಜಿನ ಕಿಂಡಿ ಮಾತ್ರ. ಒಳಗೆ ಕುಳಿತರೆ ನಮ್ಮ ರಕ್ತ ಓಡುವುದು ನಮಗೇ ಕೇಳುತ್ತದೇನೋ ಅನ್ನಿಸಿ ನನಗೆ ಹೆದರಿಕೆಯಾಗುತ್ತಿತ್ತು.

ಒಮ್ಮೆ ಆ ಶೇಠಜಿಯೇ ಬಂದು ಕೂತ. ಅವನ ಮಗಳಿಗೆ ನೋಡಿದ್ದ ವರ ಹಿಂದಿನ ವಾರ ನಮ್ಮಲ್ಲಿ ಕಿವಿ ತೋರಿಸಿಕೊಂಡು ಹೋಗಿದ್ದಾನೆಂದು ಯಾರೋ ಹೇಳಿದ್ದರು. “ಹೌದೋ ಅಲ್ಲೋ, ಅಷ್ಟ ಹೇಳ್ರಿ ಸಾಹೇಬ್ರ. ನಮ್ಮ ಹುಡಗಿ ಜಿಂದಗಿ ಅದ ಇದ್ರಾಗ,” ಎಂದ. ಸರ್ ಚಹಾ ತರಿಸಿದರು. “ನಿಮ್ಮ ಕಾಗದ ಕೇಳ್ರಿ, ಈಗ ಕೊಡ್ತೀನಿ. ಇನ್ನೊಬ್ಬರದು ಅವರ ಹೇಳಬೇಕು. ಬಂದಿದ್ರೋ ಇಲ್ಲೋ ಅನ್ನೂದೂ ಅವರ ಹೇಳಬೇಕು,” ಎಂದರು. ಶೇಠಜಿ ಚಹಾ ಮುಟ್ಟದೆ ಎದ್ದುಹೋದ. ಮನೆ ಅವನದು, ಖೋಲಿ ಅವನದು. ಇವರು ನಿರಾಳವಾಗಿ ಅವನ ಚಹಾವನ್ನೂ ತಾವೇ ಕುಡಿದರು.

ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಟ್ಟೆ ಗಿರಣಿಯ ಮಗ್ಗದ ಖಾತೆಯವರು, ಆ ವಿಭಾಗದ ಕೆಲಸಗಾರರು. ನೂರಾರು ಮಗ್ಗಗಳ ಸದ್ದಿನಲ್ಲಿ ಹತ್ತು ವರ್ಷ ನಿಂತವನ ಕಿವಿಗೆ ಆಗುವುದು ವಿಚಿತ್ರ. ಅವನಿಗೆ ಮಾತು ಕೇಳುತ್ತದೆ, ಹಲಗೆ ವಾದ್ಯದ ಬಡಿತ ಕೇಳುತ್ತದೆ. ಸಣ್ಣ ದನಿಯದು, ಚೂಪು ದನಿಯದು ಹೋಗಿಬಿಡುತ್ತದೆ. ಗುಬ್ಬಿ ಹೋಗುತ್ತದೆ, ಗಂಟೆ ಹೋಗುತ್ತದೆ. ಹೋದದ್ದು ಅವನಿಗೇ ಗೊತ್ತಾಗುವುದಿಲ್ಲ, ಏಕೆಂದರೆ ಮಗ್ಗದವರೆಲ್ಲ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ.

ನನ್ನ ಅಣ್ಣ ಅಂಥವನು. ನಾನು ವಠಾರದಂಥ ಚಾಳಿನ ಅವನ ಖೋಲಿಯಲ್ಲೇ ಇದ್ದೆ. ಅವನ ಹೆಂಡತಿ, ನಮ್ಮ ವೈನಿ, ಆಗ ಆರು ತಿಂಗಳ ಬಸುರಿ. ಆ ವರ್ಷ ಗಿರಣಿಯವರು ಮಗ್ಗದ ಖಾತೆಯ ಅರ್ಧ ಮುಚ್ಚಲು ತೀರ್ಮಾನಿಸಿದರು. ಕೆಲಸ ಹೋಗುವವರಲ್ಲಿ ಅಣ್ಣನೂ ಒಬ್ಬ. ಅವರಲ್ಲಿ ಕೆಲವರನ್ನು ಬಟ್ಟೆ ಒಣಗಿಸಿ ಒತ್ತುವ ರೋಲರುಗಳ ಖಾತೆಗೆ ತೆಗೆದುಕೊಳ್ಳುವುದೆಂದು ಆಯಿತು. ಅಲ್ಲಿ ಬಟ್ಟೆ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿ, ಎರಡು ರೋಲರುಗಳ ನಡುವೆ ಕೈಹಾಕಿ ಬಿಡಿಸಬೇಕು. ಮತ್ತೆ ಚಾಲೂ ಮಾಡುವ ಮೊದಲು ಆಚೆ ತುದಿಯವನು ಗಂಟೆ ಒತ್ತುತ್ತಾನೆ. ಗಂಟೆ ಕೇಳಿದ ಕೂಡಲೇ ಕೈ ಹೊರಗೆ ತೆಗೆಯಬೇಕು. ಆದ್ದರಿಂದ ಕಿವಿಯ ಸರ್ಟಿಫಿಕೇಟು ಬೇಕು, ಅದೂ ನಮ್ಮ ಸರ್ ಅವರದೇ ಬೇಕು ಎಂದು ಲೇಬರ್ ಆಫೀಸರ್ ಹೇಳಿದ್ದ.

ಸರ್ ಯಾರನ್ನೂ ಶಿಫ್ಟ್ ಮುಗಿದ ಕೂಡಲೇ ಪರೀಕ್ಷಿಸುತ್ತಿರಲಿಲ್ಲ. ದಣಿದ ಕಿವಿ ಇರುವುದಕ್ಕಿಂತ ಕಿವುಡಾಗಿ ತೋರುತ್ತದೆ, ಅದು ಅನ್ಯಾಯ ಎನ್ನುತ್ತಿದ್ದರು. ಅಣ್ಣನನ್ನೂ ರಜೆಯ ದಿನ, ನಿದ್ದೆ ಮಾಡಿ ಬಾ ಎಂದು ಕರೆದರು. ಅವನು ಕಿವಿಗೆ ಯಂತ್ರ ಹಾಕಿಕೊಂಡು ಕೂತು, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಿದ. ಎಲ್ಲ ಸದ್ದಿಗೂ ಎತ್ತಿದ. ನನಗೆ ಖುಷಿಯಾಯಿತು. ಸರ್ ಎದ್ದು ಅವನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಮತ್ತೆ ಶುರು ಮಾಡಿದರು. ಆಗ ಚೂಪು ಸದ್ದಿಗೆ ಬೆರಳು ಏಳಲಿಲ್ಲ. ಅಷ್ಟು ಹೊತ್ತು ಅವನು ಗಾಜಿನಾಚೆ ಸರ್ ಗುಂಡಿ ಒತ್ತುವುದನ್ನು ನೋಡಿ ಬೆರಳೆತ್ತಿದ್ದ. ಹಾಳೆಯ ಮೇಲೆ ಗೆರೆ, ಚೂಪು ದನಿಗಳಿರುವ ಬಲಕ್ಕೆ ಬರುತ್ತಾ ಬರುತ್ತಾ ಕೆಳಗೆ ಬಿತ್ತು.

ಆ ಸಂಜೆ ನಾನು ಬೇಡಿಕೊಂಡೆ. ಕಾಲು ಹಿಡಿಯುವುದೊಂದು ಬಾಕಿ.

“ಒಬ್ಬನದು, ಸರ್. ನಮ್ಮ ಅಣ್ಣಂದು. ವೈನಿ ಬಸರಿ ಇದ್ದಾಳ್ರಿ.”

“ಗೊತ್ತದ.”

“ನೀವು ಬರದ್ರ ಯಾರು ಕೇಳ್ತಾರ್ರಿ?”

“ಯಾರೂ ಕೇಳೂದಿಲ್ಲ. ಅದಕ್ಕ ನಾ ಬರ್ಯಾಂಗಿಲ್ಲ,” ಎಂದರು. ಆಮೇಲೆ ತಾವೇ ನೊಂದವರ ಹಾಗೆ, “ಇನ್ನೊಂದು ಖಾತೆಯೊಳಗ ಕೆಲಸ ಕೊಡ್ರಿ ಅಂತ ಗಿರಣಿಗೆ ಚಿಟ್ಠಿ ಬರೀತೀನಿ, ನಿಮ್ಮಣ್ಣ ಹೂಂ ಅಂದ್ರ,” ಎಂದರು. ಆ ಚಿಟ್ಠಿಯಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಶಪಿಸಿದೆ.

ಪ್ರತಿ ಗುರುವಾರ ಅವರು ಅಕ್ಕಲಕೋಟೆಯಲ್ಲಿ ಕಿವಿ ನೋಡುತ್ತಿದ್ದರು. ಖೋಲಿಯ ಕೀಲಿಕೈ ನನ್ನ ಹತ್ತಿರ ಇರುತ್ತಿತ್ತು. ಗುರುವಾರ ನಾನು ಮೇಜಿನ ಖಾನೆ ತೆಗೆದೆ, ಛಾಪಿಸಿದ ಕಾಗದ ತೆಗೆದೆ, ಅಣ್ಣನ ಹೆಸರು ಬರೆದೆ, ಗಂಟೆ ಕೇಳಿಸುತ್ತದೆ ಎಂದು ಬರೆದೆ. ಅವರ ಸಹಿಯನ್ನು ದಿನಾ ನೋಡಿದ ಕಣ್ಣು. ಅದನ್ನೂ ಹಾಗೆಯೇ ಹಾಕಿದೆ. ಶಿಕ್ಕಾ, ಅವರ ಮೊಹರು, ಒತ್ತಿದೆ. ಅಣ್ಣನಿಗೆ, ಸರ್ ಮನಸ್ಸು ಬದಲಿಸಿದರು ಎಂದು ಹೇಳಿ ಕೊಟ್ಟೆ.

“ದೇವರಂಥಾ ಮನಷ್ಯಾ,” ಅಂದ ಅಣ್ಣ.

ಸೋಮವಾರದಿಂದ ಅವನು ರೋಲರಿಗೆ ನಿಂತ. ಮೊದಲ ವಾರ ನಾನು ಅನ್ನ ಉಂಡದ್ದು ನೆನಪಿಲ್ಲ. ಗಿರಣಿಯ ಭೋಂಗಾ, ಶಿಫ್ಟಿನ ಸೈರನ್ನು, ಹೊತ್ತಿಗೆ ಸರಿಯಾಗಿ ಕೂಗಿದರೆ ಉಸಿರು ಬಿಡುತ್ತಿದ್ದೆ; ಹೊತ್ತಲ್ಲದಾಗ ಕೂಗಿತೆಂದರೆ ಅಪಘಾತ. ಎರಡನೆಯ ವಾರ ಒಂದು ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ನಾನು ಪೆನ್ನು ಕೆಡವಿದೆ, ಸರ್ ನನ್ನನ್ನೇ ನೋಡಿದರು. ಯಾರೋ ಭೋಂಗಾ ರಿಪೇರಿ ಮಾಡುತ್ತಿದ್ದರಂತೆ. ಅವತ್ತು ಊಟಕ್ಕೆ ಕೂತಾಗ ಅಣ್ಣ ನಗುತ್ತಾ ಹೇಳಿದ, “ನನಗ ಗಂಟಿ ಗಿಂಟಿ ಏನೂ ಕೇಳಸೂದಿಲ್ಲ ನೋಡು. ಆದ್ರ ಏನಾತು? ಮಗ್ಗದಾಗ ಕಲ್ತೀವಲ್ಲ, ಕಾಲಾಗ ನೆಲಾ ನಡಗೂದು ಗೊತ್ತಾಗ್ತದ. ನಡಗ್ತು ಅಂದ್ರ ಕೈ ತಕ್ಕೋತೀನಿ.” ವೈನಿಯೂ ನಕ್ಕಳು. ನೆಲ ನಡುಗುವುದು ಯಂತ್ರ ಚಾಲೂ ಆದ ಮೇಲೆ. ಅದನ್ನು ಹೇಳಲು ನಾನು ಬಾಯಿ ತೆರೆದೆ, ಮತ್ತೆ ರೊಟ್ಟಿ ಮುರಿದೆ.

ಮೂರನೆಯ ವಾರ ಗಿರಣಿಯಿಂದ ರೋಲರಿಗೆ ತೆಗೆದುಕೊಂಡವರ ಪಟ್ಟಿ ಬಂತು. ಸರ್ಟಿಫಿಕೇಟು ಪಡೆದವರನ್ನು ತಿಂಗಳಾದ ಮೇಲೆ ಮತ್ತೊಮ್ಮೆ ನೋಡುವುದು ಸರ್ ಇಟ್ಟುಕೊಂಡ ನೇಮ. ಅವರು ಹೆಸರು ಓದುತ್ತಿದ್ದರು, ನಾನು ದಿನ ಹಾಕುತ್ತಿದ್ದೆ. ಏಳನೆಯ ಹೆಸರಿಗೆ, ಅಣ್ಣನ ಹೆಸರಿಗೆ, ನಿಂತರು. ಅವರು ಬೈಯುತ್ತಾರೆಂದು ಕಾದೆ. “ಅಂವಾ ಈಗ ಯಾವ ಶಿಫ್ಟಿಗೆ ಹೋಗ್ಯಾನ?” ಎಂದರು.

“ಮದಲನೇ ಶಿಫ್ಟ್‌ರಿ.”

“ನಡಿ.”

ಟಾಂಗಾ ಹಿಡಿದು ಹೋದೆವು. ಗಿರಣಿಯ ಗೇಟಿನ ಒಳಗೆ, ಲೇಬರ್ ಆಫೀಸರನ ಮೇಜಿನ ಮುಂದೆ ನಿಂತೇ ಹೇಳಿದರು. “ಆ ಕಾಗದ ತಪ್ಪದ. ಅವನ್ನ ಈಗ ಹೊರಗ ತರಸ್ರಿ.” ಶಿಫ್ಟು ಮುಗಿಯಲು ಒಂದೇ ತಾಸು ಉಳಿದಿದೆ ಎಂದ ಆಫೀಸರ. “ಒಂದು ತಾಸು ಬ್ಯಾಡ್ರಿ. ಮದಲ ತರಸ್ರಿ, ಮಾತು ಆಮ್ಯಾಲೆ.” ಆಳು ಹೋದ. ಬರಲಿಲ್ಲ. ಗೋಡೆಯಾಚೆ ರೋಲರುಗಳ ಸದ್ದು ನಿಂತಿತು. ಬಟ್ಟೆ ಸಿಕ್ಕಿಕೊಂಡಿದೆ, ಯಾರದೋ ಕೈ ಒಳಗಿದೆ ಎಂದು ನನಗೆ ಗೊತ್ತಾಯಿತು. ಸರ್ ಕಣ್ಣು ಮುಚ್ಚಿಕೊಂಡಿದ್ದರು. ತೆಳ್ಳಗೆ ಗಂಟೆ ಬಾರಿಸಿತು. ಆಮೇಲೆ ಕಾಲ ಕೆಳಗಿನ ನೆಲ ನಡುಗಿತು.

ಆಳಿನ ಹಿಂದೆ ಅಣ್ಣ ಬಾಗಿಲಲ್ಲಿ ಕಾಣಿಸಿದ. ನಾನು ಅವನ ಮುಖ ನೋಡಲಿಲ್ಲ, ಕೈ ನೋಡಿದೆ. ಎರಡೂ ಇದ್ದವು.

“ನೀವ ತಪ್ಪಿದ್ರೇನ್ರಿ?” ಎಂದು ಕೇಳಿದ ಆಫೀಸರ, ವ್ಯಂಗ್ಯದಿಂದ.

“ಶಿಕ್ಕಾ ನನ್ನದು. ಜವಾಬ್ದಾರಿ ನನ್ನದು. ನನ್ನ ಹೆಸರು ಬರಕೋರಿ.”

ಮರುದಿನ ಅಣ್ಣ ಸರ್ ಖೋಲಿಗೆ ನುಗ್ಗಿದ. ಅವನ ಕೆಲಸ ಹೋಗಿತ್ತು. “ಬರದು ಕೊಟ್ಟು ತಿರುಗಿ ಕಸಗೋತೀರೇನ್ರಿ? ಎಷ್ಟು ತಿಂದ್ರಿ ಗಿರಣಿಯವರ ಕಡಿಂದ?” ಹೊರಗೆ ಕುಳಿತ ಮಂದಿಯೆಲ್ಲ ಕೇಳಿದರು. ಸರ್ ಎದ್ದು ನಿಂತು, “ಆ ಕಾಗದ ನಿಮ್ಮ ಕೈಗೆ ಬರಬಾರದಿತ್ತು,” ಎಂದರು, ಅಷ್ಟೇ. ನಾನು ರಿಜಿಸ್ಟರ್ ಎದೆಗೊತ್ತಿಕೊಂಡು ಮೂಲೆಯಲ್ಲಿ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಅಣ್ಣ ಹೋದ ಮೇಲೆ ಅವರು ಕೈ ಚಾಚಿ ಕೀಲಿಕೈ ಕೇಳಿದರು. “ನಾಳಿಂದ ಬರಬ್ಯಾಡ, ತಂಗೆವ್ವಾ. ಸಿಟ್ಟಿಗಲ್ಲ. ಮಂದಿ ಕಿವಿ ಇನ್ನ ನಿನ್ನ ಕೈಯಾಗ ಕೊಡಾಕ ಬರೂದಿಲ್ಲ ನನಗ.” ಬಾಗಿಲ ತನಕ ಬಂದು ಮತ್ತೊಂದು ಮಾತು ಹೇಳಿದರು. “ನಾ ಸುಳ್ಳು ಹೇಳಿಲ್ಲ. ಪೂರಾ ಹೇಳಿಲ್ಲ. ಪೂರಾ ಹೇಳೂದು ನಿನಗ ಬಿಟ್ಟೀನಿ.”

ಗಿರಣಿಯವರು ಅವರ ಹೆಸರು ಹೊಡೆದುಹಾಕಿದರು, ಉಳಿದವರೂ ಹಿಂಜರಿದರು. ಹಾಗೆ ಹೆಸರು ಕೆಟ್ಟ ಮೇಲೂ ಅವರು ನನ್ನ ಕಾಲದಲ್ಲಿ ಶಿಕ್ಕಾ ಬಿದ್ದ ಪ್ರತಿಯೊಬ್ಬನನ್ನೂ ಮನೆಗೆ ಹೋಗಿ ಕರೆತಂದು, ರವಿವಾರಗಳಂದು ಮತ್ತೆ ಪರೀಕ್ಷಿಸಿದರಂತೆ. ನಾನು ಮುಟ್ಟಿದ್ದೆಲ್ಲವನ್ನೂ ಅವರು ಒರೆಗೆ ಹಚ್ಚಿ ನೋಡಿದರು. ಆಮೇಲೆ ಶೇಠಜಿ ಖೋಲಿ ಬಿಡಿಸಿದ. ಅವರು ಯಂತ್ರ ಹೊತ್ತು ಅಕ್ಕಲಕೋಟೆಗೆ ಹೋದರು. ನಾನು ಚಾದರದ ಅಂಗಡಿಯಲ್ಲಿ ಕೆಲಸ ಹಿಡಿದೆ. ಅಣ್ಣ ಧಾನ್ಯದ ಅಡತ ಅಂಗಡಿಗಳಲ್ಲಿ ಚೀಲ ಹೊತ್ತ. ಆ ಮನುಷ್ಯನ ಹೆಸರು ಬಂದರೆ ಉಗುಳುತ್ತಿದ್ದ. ಅವನ ಮಗಳು ನಡೆಯಲು ಕಲಿತಳು, ಸಾಲಿಗೆ ಹೋಗಲು ಹಟ ಮಾಡಿದಳು. ನಾಲ್ಕು ವರ್ಷ ನಾನು ಸುಮ್ಮನಿದ್ದೆ. ಆಗದೇ ಹೋದ ಅಪಘಾತವನ್ನು ಯಾರಿಗೆ ತೋರಿಸಲಿ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಅದು ಹೇಡಿತನ, ಬೇರೇನೂ ಅಲ್ಲ.

ಕಾಮಾಲೆಯಾಗಿ ಅವರು ತೀರಿಕೊಂಡರೆಂದು ಸುದ್ದಿ ಬಂದಾಗ ಅಣ್ಣನನ್ನು ಹಟ ಹಿಡಿದು ಅಕ್ಕಲಕೋಟೆಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಅವನ ಕಿವಿ ಪೂರಾ ಹೋಗಿತ್ತು, ಎಲ್ಲವನ್ನೂ ತುಟಿಯಲ್ಲೇ ಓದುತ್ತಿದ್ದ. ದನಿ ತೆಗೆಯದೆ ಬರೀ ತುಟಿ ಆಡಿಸಿದರೆ ಸಾಕು, ಇಬ್ಬರ ನಡುವೆಯೇ ಮುಗಿಯುತ್ತದೆ ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಅಂಗಳದಲ್ಲಿ ಅವರನ್ನು ಮಲಗಿಸಿದ್ದರು. ನನ್ನ ಪಕ್ಕದಲ್ಲಿ ನಿಂತ ಒಬ್ಬ ಹಳೇ ಗಿರಣಿಯವನು ಇನ್ನೊಬ್ಬನಿಗೆ ಹೇಳಿದ, “ಮನಷ್ಯಾ ಚಲೋ ಇದ್ದ. ಆದ್ರ ಆ ಕಾಗದದಾಗ ಏನೋ ತಿಂದಿದ್ದ ಅಂತಾರ.”

ಅಣ್ಣನ ಎದುರು ನಿಂತು, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದೆ. “ಆ ಕಾಗದ ಸರ್ ಬರದಿರಲಿಲ್ಲ. ನಾ ಬರದಿದ್ದೆ. ಸಹಿ ನಾ ಮಾಡಿದ್ದೆ. ನಿನ್ನ ಕೈ ಹೋಗ್ತಾವಂತ ಅವರು ಓಡಿ ಬಂದಿದ್ರು.”

ಅಳುತ್ತಿದ್ದ ಹೆಂಗಸರು ಇತ್ತ ತಿರುಗಿದರು. ಅಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದ. “ಇನ್ನೊಮ್ಮೆ ಅನ್ನು,” ಎಂದ. ಅಂದೆ. ಮೂರನೆಯ ಸಲವೂ ನನ್ನ ಬಾಯಿಂದ ಹೇಳಿಸಿದ.

ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಹೆಗಲು ಕೊಡಲು ಮುಂದೆ ಹೋದ.