ಹಾಲಮ್ಮನ ಮೂಗು

ಸರಸ್ವತಿ ನಗರದ ನಮ್ಮ ಬಾಡಿಗೆ ಮನೆಯ ಮೆಟ್ಟಿಲುಗಳನ್ನು ವಾರಕ್ಕೊಮ್ಮೆ ಫಿನಾಯಿಲ್ ಹಾಕಿ ಒರೆಸುತ್ತಾರೆ. ನಿನ್ನೆ ತರಕಾರಿ ಚೀಲ ಹಿಡಿದು ಹತ್ತುತ್ತಿದ್ದವನು ಆ ವಾಸನೆಗೆ ಅರ್ಧದಲ್ಲೇ ನಿಂತುಬಿಟ್ಟೆ. ಮೇಲಿನಿಂದ ಹೆಂಡತಿ, "ಯಾಕ್ರಿ, ಮಂಡಿ ನೋವೇನು?" ಎಂದು ಕೇಳಿದಳು. ಹೌದು ಅಂದೆ. ಐವತ್ತೈದು ದಾಟಿದವನಿಗೆ ಮಂಡಿ ದೊಡ್ಡ ಅನುಕೂಲ. ಅದರ ಮೇಲೆ ಹಾಕಿಬಿಟ್ಟರೆ ಯಾರೂ ಮುಂದೆ ಕೇಳುವುದಿಲ್ಲ. ನಿಜವಾಗಿ ನನಗೆ ಹಾಲಮ್ಮನ ನೆನಪಾಗಿತ್ತು.

ಮೂಗಿಗೆ ನಮ್ಮ ಮಾತಿನಲ್ಲಿ ಮರ್ಯಾದೆ ಕಡಿಮೆ. ಕಂಡವರ ವಿಷಯದಲ್ಲಿ ತೂರಿಸುವುದು ಮೂಗು, ಬೀಗರು ತಂದ ಸೀರೆ ಕಂಡು ಮುರಿಯುವುದು ಮೂಗು, ಕೆಲಸ ಆಗಬೇಕಾದಾಗ ತುಪ್ಪ ಸವರುವುದೂ ಅದಕ್ಕೇ. ಕಣ್ಣು ಹೋದರೆ ಮನೆಮಂದಿಯೆಲ್ಲ ಅಳುತ್ತಾರೆ. ಕಿವಿ ಮಂದವಾದರೆ ಕೂಗಿಯಾದರೂ ಹೇಳುತ್ತಾರೆ. ವಾಸನೆ ತಿಳಿಯುತ್ತಿಲ್ಲ ಅಂದರೆ ಮಾತ್ರ, "ಒಳ್ಳೇದೇ ಆತು ಬಿಡು, ನಮ್ಮ ಚರಂಡಿ ದಾಟಕ್ಕೆ" ಎಂದು ನಗುತ್ತಾರೆ. ನಾನೂ ಹಾಗೆ ನಕ್ಕವನೇ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಲೆಂದೇ ಕೂತಿದ್ದೇನೆ.

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ, ಕಿವಿ ಮೂಗು ಗಂಟಲು ವಿಭಾಗದಲ್ಲಿ ನಾನು ಗುಮಾಸ್ತ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಶ್ವೇತಾ ಎಂಬ ಯುವ ಡಾಕ್ಟರು ಹೆಚ್ಚಿನ ಓದಿಗೆ ಬಂದರು. ಮೂಗಿನ ಕಾಯಿಲೆಯವರಿಗೆ ವಾಸನೆ ಎಷ್ಟು ತಿಳಿಯುತ್ತದೆ ಎಂದು ಅಳೆಯುವುದು ಅವರ ಸಂಶೋಧನೆ. ಹೊರದೇಶದಿಂದ ತರಿಸಿದ ಪೆಟ್ಟಿಗೆಯಲ್ಲಿದ್ದ ವಾಸನೆಗಳು ನಮ್ಮ ರೋಗಿಗಳು ಹುಟ್ಟಿದಾರಭ್ಯ ಕಾಣದಂಥವು. ಎಲ್ಲರೂ ಎಲ್ಲಕ್ಕೂ "ಸೋಪು" ಅಂದರು. ಆಗ ಡಾಕ್ಟರು ನಮ್ಮ ಅಡುಗೆಮನೆಯ ವಾಸನೆಗಳಿಂದಲೇ ಹನ್ನೆರಡು ಬಾಟಲಿ ಮಾಡೋಣ ಎಂದರು, ಆ ಕೆಲಸ ನನ್ನ ಪಾಲಿಗೆ ಬಂತು. ಇಂಗು, ಏಲಕ್ಕಿ, ಲವಂಗ, ಕರ್ಪೂರ, ಬೆಳ್ಳುಳ್ಳಿ, ಕಾಸಿದ ತುಪ್ಪ, ಸೀಮೆಎಣ್ಣೆ. ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ಮೂಸಿ, "ಇವತ್ತು ಬೆಳ್ಳುಳ್ಳಿ" ಎನ್ನುತ್ತಿದ್ದಳು. ಒಬ್ಬ ವಿಜ್ಞಾನಿಯಾದೆನೆಂಬ ಜಂಬ ನನಗೆ ಬಂದಿತ್ತು. ಅಂಗಡಿಯಲ್ಲಿ ಇಂಗು ಕೊಳ್ಳುವಾಗಲೂ "ರಿಸರ್ಚಿಗೆ ಬೇಕು" ಅನ್ನುತ್ತಿದ್ದೆ.

ರೋಗಿಗಳ ಜೊತೆ ಹೋಲಿಸಲು ಆರೋಗ್ಯವಂತರ ಮೂಗುಗಳೂ ಬೇಕಿದ್ದವು. ಕ್ಯಾಂಟೀನಿನವರು, ಡ್ರೈವರುಗಳು, ವಾಚ್‌ಮನ್‌ಗಳು, ಸಿಕ್ಕವರನ್ನೆಲ್ಲ ಹಿಡಿದು ಕೂರಿಸಿದೆ. ಹಾಗೆ ಕೂತವಳು ಹಾಲಮ್ಮ.

ಹಾಲಮ್ಮ ನಮ್ಮ ವಾರ್ಡಿನ ಆಯಾ. ಕೊಕ್ಕನೂರಿನಿಂದ ಹರಿಹರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ದಿನಾ ಬರುತ್ತಿದ್ದಳು. ಗಂಡ ಹನುಮಂತಪ್ಪ ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೂಲಿ. ನೇತ್ರಾ ಎಂಬ ಒಬ್ಬಳೇ ಮಗಳು. ನಮ್ಮ ವಾರ್ಡಿನ ಕೊನೆಯಲ್ಲಿ ಒಂದು ಕೋಣೆ ಇದೆ. ಬಾಯಿ, ಕುತ್ತಿಗೆಯ ಕ್ಯಾನ್ಸರು ಒಡೆದು ಹುಣ್ಣಾದವರನ್ನು ಅಲ್ಲಿ ಮಲಗಿಸುತ್ತಾರೆ. ಉಳಿದ ಆಯಾಗಳು ಆ ಕೋಣೆಗೆ ಹೋಗಲು ನೂರು ನೆವ ಹೇಳುತ್ತಿದ್ದರು. ಸ್ವಂತ ಮಕ್ಕಳೇ ಮೂಗಿಗೆ ಟವೆಲ್ ಒತ್ತಿಕೊಂಡು ನಿಲ್ಲುವಲ್ಲಿ ಹಾಲಮ್ಮ ಮಂಚದ ಪಕ್ಕ ಕೂತು, ನಳಿಗೆಯಲ್ಲಿ ಗಂಜಿ ಬಿಡುತ್ತ, ಮುಖ ಒರೆಸುತ್ತ, ಊರ ಸುದ್ದಿ ಹೇಳುತ್ತಿದ್ದಳು. ನಾವೆಲ್ಲ ಅವಳನ್ನು ಮಹಾತಾಯಿ ಎಂದು ಹೊಗಳುತ್ತಿದ್ದೆವು.

"ಅಯ್ಯ, ಹಂಗೇನಿಲ್ರಿ ಸರ್. ನಂಗೆ ವಾಸ್ನೆನೇ ಬರಂಗಿಲ್ಲ," ಎನ್ನುತ್ತಿದ್ದಳು. ಅದು ಅವಳ ವಿನಯ ಎಂದುಕೊಂಡಿದ್ದೆವು.

ಪರೀಕ್ಷೆಯ ದಿನ ಮೊದಲ ಬಾಟಲಿ ಮೂಸಿದಳು.

"ಇದೇನು ಹೇಳು."

"ನೀರು."

"ನೀರಲ್ಲ. ಸರಿಯಾಗಿ ಮೂಸು."

"ನೀರಿನಂಗೇ ಐತಲ್ರಿ." ಎರಡನೆಯದು, ಮೂರನೆಯದು, ಹೀಗೆ ಮುಂದುವರಿದು ಕೊನೆಗೆ, "ಎಲ್ಲ ಬಾಟ್ಲಿನೂ ನೀರೇನ್ರಿ? ತಮಾಷಿ ಮಾಡಾಕೆ ಹತ್ತೀರೇನು?" ಎಂದು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಒಂದೊಂದಕ್ಕೂ ನಾಲ್ಕು ಹೆಸರು ಹೇಳಿ ಆರಿಸು ಅಂದಾಗ ಊಹೆಯ ಮೇಲೆ ಎರಡೋ ಮೂರೋ ಸರಿಹೋದವು.

"ದಿನಾ ಫಿನಾಯಿಲ್ ಕುಡ್ದು ನಿನ್ನ ಮೂಗು ಸತ್ತೈತೆ ಹಾಲಮ್ಮ," ಎಂದು ನಾನೂ ನಕ್ಕೆ.

ಎದ್ದು ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದಳು: "ನಂಗೇನೂ ತೊಂದ್ರಿ ಇಲ್ಲ ಹೌದಿಲ್ರಿ?"

"ಏನೂ ಇಲ್ಲ, ಹೋಗು."

ಆ ನಮೂನೆಯ ಕೊನೆಯಲ್ಲಿ ಒಂದು ಸಾಲಿತ್ತು. ಆರೋಗ್ಯವಂತರೆಂದು ಬಂದವರಿಗೆ ಅಂಕ ತೀರಾ ಕಡಿಮೆ ಬಿದ್ದರೆ ಅವರ ಮೂಗಿನೊಳಗೆ ಕ್ಯಾಮೆರಾ ಹಾಕಿ ನೋಡತಕ್ಕದ್ದು ಎಂದು. ಅದನ್ನು ಟೈಪ್ ಮಾಡಿದವನು ನಾನೇ. ಸಂಜೆ ಹಾಳೆಗಳನ್ನು ತಿರುವುತ್ತ ಶ್ವೇತಾ ಡಾಕ್ಟರು, "ಇದ್ಯಾಕೆ ಇಷ್ಟು ಕಡಿಮೆ?" ಎಂದು ಕೇಳಿದರು. "ಆಯಮ್ಮ ಅವಸರದಾಗ ನಕ್ಕೊಂತ ಏನೇನೋ ಹೇಳಿದ್ಲು ಮೇಡಂ. ಅದನ್ನ ಲೆಕ್ಕಕ್ಕೆ ಹಿಡೀಬ್ಯಾಡ್ರಿ," ಅಂದೆ. ಅವರು ನನ್ನ ಮಾತು ನಂಬಿದರು. ಹಾಲಮ್ಮನ ಹಾಳೆ ತೆಗೆದು ಅದರ ಜಾಗದಲ್ಲಿ ಕ್ಯಾಂಟೀನಿನ ಒಬ್ಬನದನ್ನು ಸೇರಿಸಿದೆ. ಅವನು ಹನ್ನೆರಡಕ್ಕೆ ಹನ್ನೊಂದು ಹೇಳಿದ್ದ. ಪಟ್ಟಿ ಚೆಂದ ಕಂಡಿತು. ಶ್ವೇತಾ ಡಾಕ್ಟರು ಪಾಸಾಗಿ ಬೇರೆ ಊರಿಗೆ ಹೋದರು.

ಒಂದೂವರೆ ವರ್ಷದ ನಂತರ ಹಾಲಮ್ಮ ಬಲಗಣ್ಣು ಮುಂದಕ್ಕೆ ಉಬ್ಬಿಸಿಕೊಂಡು ಬಂದಳು. ಮೂಗಿನಲ್ಲಿ ರಕ್ತ ಬರುವುದು ಶುರುವಾಗಿ ಬಹಳ ದಿನವಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಮೂಗಿನ ನೆತ್ತಿಯಲ್ಲಿ, ವಾಸನೆಯ ನರ ಹುಟ್ಟುವ ಜಾಗದಲ್ಲೇ ಗಡ್ಡೆ ಹುಟ್ಟಿ ಅಷ್ಟುಹೊತ್ತಿಗೆ ಮೆದುಳಿನ ಕಡೆಗೂ ಕೈಚಾಚಿತ್ತು. ಆಪರೇಷನ್ ಮಾಡಿದರು, ವಿಕಿರಣದ ಕರೆಂಟು ಕೊಟ್ಟರು. ಅದು ಮತ್ತೆ ಬೆಳೆಯಿತು, ಕುತ್ತಿಗೆಗೂ ಇಳಿಯಿತು. ಕೊನೆಯ ಕೋಣೆಯಲ್ಲಿ ಅವಳನ್ನೇ ಮಲಗಿಸಿದರು. ಹೊಸದಾಗಿ ಬಂದ ಆಯಾ ಮೂಗಿಗೆ ಸೆರಗು ಹಿಡಿದು ಗಂಜಿಯ ಲೋಟ ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದಳು. ನಾನು ಆ ಕೋಣೆಗೆ ಹೋದದ್ದು ಮೂರೇ ಸಲ. ಮೂರನೆಯ ಸಲ ಹೋದಾಗ ಅವಳಿಗೆ ನನ್ನ ಗುರುತು ಸಿಗಲಿಲ್ಲ.

ಅವಳು ತೀರಿಕೊಂಡಾಗ ಮಣ್ಣಿಗೆ ಕೊಕ್ಕನೂರಿಗೆ ಹೋಗಿದ್ದೆ. ಹನುಮಂತಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. "ರಕ್ತ ಬಂದಾಗೆಲ್ಲ ತೋರ್ಸಣ ಬಾರೇ ಅಂತಿದ್ದೆ ಸರ್. 'ನಮ್ಮ ಸರು ಬಾಟ್ಲಿ ಕೊಟ್ಟು ಪರೀಕ್ಷೆ ಮಾಡ್ಯಾರ, ಏನೂ ಇಲ್ಲ ಅಂದಾರ' ಅಂತಿದ್ಲು. ನೀವು ಹೇಳಿದ್ದೇ ಅವಳಿಗೆ ಧೈರ್ಯ ಆಗಿತ್ತು ನೋಡ್ರಿ." ಅವನು ಉಪಕಾರ ನೆನೆಯುವ ದನಿಯಲ್ಲಿ ಹೇಳುತ್ತಿದ್ದ. ನಾನು ತಲೆಯಾಡಿಸಿದೆ. ನನ್ನ ಕೈಗಳು ಅವನ ಕೈಯಲ್ಲೇ ಇದ್ದವು.

ಆ ಮೇಲೆ ವರ್ಷಗಟ್ಟಲೆ ನಾನು ಬಾಯಿ ಬಿಡಲಿಲ್ಲ. ಹೋದ ತಿಂಗಳು ಹನುಮಂತಪ್ಪ ಮಗಳನ್ನು ಕರೆದುಕೊಂಡು ನೇರ ನನ್ನ ಮೇಜಿಗೆ ಬಂದ. ನೇತ್ರಾಳಿಗೆ ಈಗ ಇಪ್ಪತ್ತು ತುಂಬಿರಬೇಕು. ಒಂದು ಕಡೆ ಮೂಗು ಕಟ್ಟಿದೆ, ಊಟ ರುಚಿಸುವುದಿಲ್ಲ. "ಡಾಕ್ಟ್ರು ಆಮೇಲೆ ನೋಡ್ಲಿ. ಮೊದ್ಲು ನೀವು ಪರೀಕ್ಷೆ ಮಾಡ್ರಿ. ನೀವು ಏನೂ ಇಲ್ಲ ಅಂದ್ರೆ ನಂಗೆ ಸಮಾಧಾನ," ಎಂದ.

ಅವಳನ್ನು ಆ ಕ್ಷಣವೇ ಡಾಕ್ಟರ ಹತ್ತಿರ ಕರೆದೊಯ್ದೆ. ಒಳಗೆ ಏನೋ ಬೆಳೆದಿದೆ, ಸಾಮಾನ್ಯ ದುರ್ಮಾಂಸವಿರಬಹುದು, ತಾಯಿಯ ಕಾಯಿಲೆ ಮಗಳಿಗೆ ಹೀಗೆ ಬರುವಂಥದ್ದಲ್ಲ, ಆದರೂ ಸೋಮವಾರ ಸ್ಕ್ಯಾನ್ ಮಾಡಿಸಿ ಎಂದರು. ಹೊರಗೆ ಬೆಂಚಿನ ಮೇಲೆ ಹನುಮಂತಪ್ಪ ಕೈಮುಗಿದ. ಆ ಮುಗಿದ ಕೈಗಳನ್ನು ನೋಡಿ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಬಾಟಲಿ, ನಮೂನೆಯ ಕೊನೆಯ ಸಾಲು, ತೆಗೆದುಹಾಕಿದ ಹಾಳೆ, ಎಲ್ಲ ಹೇಳಿಬಿಟ್ಟೆ.

ಅವನು ಮುಗಿದಿದ್ದ ಕೈ ಕೆಳಗಿಳಿಸಿದ. "ಇದು ಅವಳಿಗೆ ಗೊತ್ತಿತ್ತೇನ್ರಿ?"

"ಇಲ್ಲ."

"ನಡಿಯವ್ವ," ಎಂದು ಮಗಳ ಕೈ ಹಿಡಿದು ಎದ್ದು ಹೋದ.

ಸೋಮವಾರ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಫೋನು ಎತ್ತಲಿಲ್ಲ. ಸುಮ್ಮನಿದ್ದು ತಾಯಿಯನ್ನು ಕಳೆದೆ, ಬಾಯಿಬಿಟ್ಟು ಮಗಳ ಚಿಕಿತ್ಸೆಗೆ ಅಡ್ಡ ಬಂದೆ ಎಂದು ಹಲುಬಿದೆ. ಮೊನ್ನೆ ಭಾನುವಾರ ನಾನೇ ಕೊಕ್ಕನೂರಿಗೆ ಹೋದೆ.

ಹನುಮಂತಪ್ಪ ಹೊಸ್ತಿಲಲ್ಲೇ ನಿಂತ. ಬರ್ರಿ ಅನ್ನಲಿಲ್ಲ, ಕೂಡ್ರಿ ಅನ್ನಲಿಲ್ಲ.

"ಬೇರೆ ಕಡೆಯಾದ್ರೂ ತೋರ್ಸಪ್ಪ," ಅಂದೆ.

"ನಿಮ್ಮ ಮಾತು ಕೇಳಿದ್ದು ಸಾಕಾಗೈತೆ."

ಅವನ ಹಿಂದೆ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನೇತ್ರಾ ಬಂದು ನಿಂತಳು. "ನಂಗೇನೂ ಆಗಿಲ್ರಿ. ಈಗ ಎಲ್ಲ ವಾಸ್ನೆನೂ ಬರ್ತೈತೆ. ನೀವು ಹೋಗ್ರಿ," ಎಂದಳು.

ಅಷ್ಟರಲ್ಲಿ ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಸೀದ ವಾಸನೆ ನನ್ನ ಮೂಗಿಗೆ ಬಡಿಯಿತು. ಹನುಮಂತಪ್ಪನಿಗೂ ಬಡಿಯಿತು, ಅವನು ತಲೆಯೆತ್ತಿದ. ನೇತ್ರಾ ಮಾತ್ರ ಹಾಗೇ ನಮ್ಮ ಮುಖ ನೋಡುತ್ತ ನಿಂತಿದ್ದಳು. ಹೊಗೆ ಅವಳ ಭುಜ ದಾಟಿ ಬಂದ ಮೇಲೂ ತಿರುಗಲಿಲ್ಲ.

ಒಲೆ ಆರಿಸಲು ಓಡಿದವನು ಹನುಮಂತಪ್ಪ. ಎಷ್ಟು ಹೊತ್ತಾದರೂ ಅವನು ಒಳಗಿಂದ ಹೊರಗೆ ಬರಲಿಲ್ಲ.

ಇವತ್ತು ಬೆಳಿಗ್ಗೆ ತಂದೆ ಮಗಳು ಆಸ್ಪತ್ರೆಗೆ ಬಂದರು. ನನ್ನ ಮೇಜು ಬಿಟ್ಟು ಆ ತುದಿಯ ಕಿಟಕಿಯಲ್ಲಿ ಚೀಟಿ ಮಾಡಿಸಿದರು. ಸ್ಕ್ಯಾನ್ ಆಗಿದೆ, ಫಲಿತಾಂಶ ನಾಳೆ. ಇಡೀ ದಿನ ಹನುಮಂತಪ್ಪ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನೂ ಎದ್ದು ಹೋಗಿ, ಏನೂ ಇರಲಿಕ್ಕಿಲ್ಲ ಎಂದು ಹೇಳಲಿಲ್ಲ.